ಮೇಜಿನ ಹಾಡು ಜೇಬಿಗೆ ಇಳಿದ ಕಥೆ

ಧ್ವನಿಸುರುಳಿಗಳ ಕಾಲದಲ್ಲಿ ಪೇಟೆಯ ಕ್ಯಾಸೆಟ್ ಅಂಗಡಿಗೆ ಹೋಗುವವರ ಕೈಯಲ್ಲಿ ಒಂದು ಚೀಟಿ ಇರುತ್ತಿತ್ತು. 'ಎ' ಬದಿಗೆ ಆರು ಹಾಡು, 'ಬಿ' ಬದಿಗೆ ಆರು ಹಾಡು. ಅಂಗಡಿಯವರು ಖಾಲಿ ಕ್ಯಾಸೆಟ್ಟಿಗೆ ಅದೇ ಕ್ರಮದಲ್ಲಿ ಹಾಡು ತುಂಬಿಸಿ ಒಂದೆರಡು ದಿನ ಬಿಟ್ಟು ಕೊಡುತ್ತಿದ್ದರು. ಆ ಕ್ಯಾಸೆಟ್ಟಿನಲ್ಲಿ ಸಾಹಿತ್ಯ ಒಬ್ಬರದು, ರಾಗ ಸಂಯೋಜನೆ ಇನ್ನೊಬ್ಬರದು, ಕಂಠ ಮತ್ತೊಬ್ಬರದು. ಕೇಳುಗನದು ಎಂದು ಹೇಳಬಹುದಾಗಿದ್ದುದು ಚೀಟಿಯೊಂದೇ. ಯಾವ ಹಾಡು ಬೇಕು, ಯಾವುದರ ಹಿಂದೆ ಯಾವುದು ಬರಬೇಕು ಎಂಬ ತೀರ್ಮಾನ ಮಾತ್ರ ಅವನ ಸ್ವಂತದ್ದು.

ಆ ಚೀಟಿಗೆ ಈಗ ಪ್ಲೇಲಿಸ್ಟ್ ಎಂದು ಹೆಸರು. ಮನೆಯ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಹಾಡು ಕೂಡಿಟ್ಟು, ಪಟ್ಟಿ ಕಟ್ಟಿ, ಹೊಸ ಸ್ಮಾರ್ಟ್‌ಫೋನಿಗೆ ವರ್ಗಾಯಿಸಲು ಕುಳಿತವರಿಗೆಲ್ಲ ಒಂದು ಅನುಭವ ಸಾಮಾನ್ಯ. ಹಾಡುಗಳೇನೋ ಬರುತ್ತವೆ, ಪಟ್ಟಿ ಬರುವುದಿಲ್ಲ. ಬಂದರೂ ತೆರೆದು ನೋಡಿದರೆ ಖಾಲಿ. ಸಾವಿರಾರು ಹಾಡುಗಳನ್ನು ಕ್ಷಣಾರ್ಧದಲ್ಲಿ ಹುಡುಕಿ ಕೊಡುವ ಯಂತ್ರಗಳಿಗೆ ಹನ್ನೆರಡು ಸಾಲಿನ ಚೀಟಿಯೊಂದನ್ನು ಸಾಗಿಸುವುದು ಯಾಕೆ ಕಷ್ಟವಾಯಿತು? ಉತ್ತರ ಹುಡುಕುತ್ತ ಹೋದರೆ ಕಾಲು ಶತಮಾನದ ಸ್ವಾರಸ್ಯಕರ ಇತಿಹಾಸವೊಂದು ಬಿಚ್ಚಿಕೊಳ್ಳುತ್ತದೆ. ಅದು ತಂತ್ರಜ್ಞಾನದ ಇತಿಹಾಸವೂ ಹೌದು, ಯಜಮಾನಿಕೆಯ ಇತಿಹಾಸವೂ ಹೌದು.

ಹಾಡು ಹಗುರಾಯಿತು

ಕಂಪ್ಯೂಟರಿನೊಳಗೆ ಹಾಡು ಬಂದದ್ದು ಮುಖ್ಯವಾಗಿ ಸಿ.ಡಿ.ಯ ಮೂಲಕ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1982ರಲ್ಲಿ ಮಾರುಕಟ್ಟೆಗೆ ತಂದ ಸಿ.ಡಿ. ಧ್ವನಿಯನ್ನು ಅಂಕಿಗಳ ರೂಪದಲ್ಲಿ ಬರೆದಿಡುತ್ತದೆ. ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ, ಎಡ ಮತ್ತು ಬಲ ಕಿವಿಗಳಿಗೆ ಬೇರೆ ಬೇರೆಯಾಗಿ ದಾಖಲಿಸುವ ಕ್ರಮ ಅದು. ಗುಣಿಸಿ ನೋಡಿದರೆ ಸೆಕೆಂಡಿಗೆ 14,11,200 ಬಿಟ್ ಆಗುತ್ತದೆ. ಅಂದರೆ ಒಂದು ನಿಮಿಷದ ಹಾಡಿಗೆ ಹತ್ತು ಮೆಗಾಬೈಟ್‌ಗಿಂತ ತುಸು ಹೆಚ್ಚೇ ಜಾಗ ಬೇಕು. ಕೆಲವೇ ನೂರು ಮೆಗಾಬೈಟ್ ಹಿಡಿಸುತ್ತಿದ್ದ ಆಗಿನ ಮನೆಯ ಕಂಪ್ಯೂಟರುಗಳಲ್ಲಿ ಹಾಡು ಕೂಡಿಡುವ ಮಾತೇ ಇರಲಿಲ್ಲ.

ಈ ಭಾರವನ್ನು ಇಳಿಸಿದ್ದು ಜರ್ಮನಿಯ ಎರ್ಲಾಂಗೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು. ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಅವರಲ್ಲಿ ಪ್ರಮುಖರು. ಮನುಷ್ಯನ ಕಿವಿಗೆ ಎಲ್ಲ ಸದ್ದೂ ಕೇಳಿಸುವುದಿಲ್ಲ ಎಂಬುದೇ ಇವರ ಕೆಲಸದ ಮೂಲ. ತಮಟೆ ಬಡಿಯುತ್ತಿರುವಾಗ ಪಕ್ಕದವರ ಕೈಬಳೆಯ ಸದ್ದು ಯಾರಿಗೂ ಕೇಳಿಸದು. ಹೀಗೆ ಹೇಗೂ ಕೇಳಿಸದ ಭಾಗವನ್ನು ಬಿಟ್ಟುಬಿಟ್ಟರೆ ಹಾಡಿಗೆ ಬೇಕಾಗುವ ಜಾಗ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 1992ರಲ್ಲಿ ಅಂತಿಮ ರೂಪ ಪಡೆದ ಅಂತರರಾಷ್ಟ್ರೀಯ ಮಾನಕದ ಭಾಗವಾದ ಈ ವಿಧಾನಕ್ಕೆ 'ಎಂಪಿ3' ಎಂಬ ಫೈಲು ಹೆಸರನ್ನು ಸಂಸ್ಥೆಯವರು ಆರಿಸಿಕೊಂಡದ್ದು 1995ರ ಜುಲೈ 14ರಂದು. ನಿಮಿಷಕ್ಕೆ ಹತ್ತು ಮೆಗಾಬೈಟ್ ಬೇಡುತ್ತಿದ್ದ ಹಾಡು ಒಂದೇ ಮೆಗಾಬೈಟಿನಲ್ಲಿ ಮುಗಿಯಿತು. ಎರಡು ವರ್ಷದೊಳಗೆ, 1997ರಲ್ಲಿ, ಜಸ್ಟಿನ್ ಫ್ರಾಂಕೆಲ್ ಎಂಬ ಅಮೆರಿಕದ ತರುಣ ಬರೆದ ವಿನ್‌ಆ್ಯಂಪ್ ತಂತ್ರಾಂಶ ಮನೆಮನೆಯ ಕಂಪ್ಯೂಟರನ್ನೂ ಹಾಡಿನ ಪೆಟ್ಟಿಗೆಯನ್ನಾಗಿ ಮಾಡಿತು.

ಅರ್ಧ ಗಂಟೆಯ ಪೆಟ್ಟಿಗೆ, ನ್ಯಾಯಾಲಯದ ಮೆಟ್ಟಿಲು

ಮೇಜಿನ ಮೇಲೆ ಕೂಡಿಟ್ಟದ್ದನ್ನು ಹೊರಗೆ ಒಯ್ಯುವುದು ಹೇಗೆ? 1979ರಲ್ಲೇ ಬಂದಿದ್ದ ಸೋನಿ ವಾಕ್‌ಮನ್ ನಡೆಯುತ್ತ ಹಾಡು ಕೇಳುವ ರುಚಿ ಹತ್ತಿಸಿತ್ತು. 1998ರಲ್ಲಿ ದಕ್ಷಿಣ ಕೊರಿಯಾದ ಸೇಹನ್ ಕಂಪನಿಯ ಎಂಪಿಮ್ಯಾನ್, ಅದರ ಬೆನ್ನಿಗೇ ಅಮೆರಿಕದ ಡೈಮಂಡ್ ಮಲ್ಟಿಮೀಡಿಯಾ ಕಂಪನಿಯ ರಿಯೋ ಬಂದವು. ರಿಯೋ ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ. ಅದರ ಒಡಲಿನಲ್ಲಿದ್ದ ಜಾಗ 32 ಮೆಗಾಬೈಟ್. ಅಂದರೆ ಸುಮಾರು ಅರ್ಧ ಗಂಟೆಯ ಹಾಡು, ಕ್ಯಾಸೆಟ್ಟಿನ ಒಂದು ಬದಿಯಷ್ಟು. ಕಂಪ್ಯೂಟರಿನ ಬೆನ್ನಿನಲ್ಲಿ ಪ್ರಿಂಟರಿಗಾಗಿ ಇದ್ದ ಕಿಂಡಿಗೆ ತಂತಿ ಸಿಕ್ಕಿಸಿ ಹಾಡು ತುಂಬಿಸಬೇಕಿತ್ತು.

ಈ ಪುಟ್ಟ ಪೆಟ್ಟಿಗೆಯನ್ನು ಕಂಡು ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘಕ್ಕೆ ದಿಗಿಲಾಯಿತು. ಅದು 1998ರ ಅಕ್ಟೋಬರಿನಲ್ಲಿ ನ್ಯಾಯಾಲಯಕ್ಕೆ ಹೋಯಿತು. 1992ರಲ್ಲಿ ಅಲ್ಲಿ ಜಾರಿಗೆ ಬಂದಿದ್ದ ಕಾನೂನಿನ ಪ್ರಕಾರ ಅಂಕೀಯ ಧ್ವನಿಮುದ್ರಣ ಮಾಡುವ ಯಂತ್ರಗಳಲ್ಲಿ ಪ್ರತಿಯ ಮೇಲೆ ಪ್ರತಿ ತೆಗೆಯದಂತೆ ತಡೆ ಇರಬೇಕು, ಅವುಗಳ ಮಾರಾಟದಿಂದ ಗೌರವಧನವೂ ಸಲ್ಲಬೇಕು. ರಿಯೋದಲ್ಲಿ ಇವೆರಡೂ ಇಲ್ಲ ಎಂಬುದು ಸಂಘದ ವಾದ.

1999ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ರಿಯೋ ಪರವಾಗಿ ತೀರ್ಪು ಕೊಟ್ಟಿತು. ರಿಯೋ ಹಾಡನ್ನು ಪಡೆಯುವುದು ಕಂಪ್ಯೂಟರಿನ ಹಾರ್ಡ್ ಡಿಸ್ಕಿನಿಂದ, ಆ ಕಾನೂನು ಕಂಪ್ಯೂಟರಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ರಿಯೋಗೂ ಅನ್ವಯಿಸುವುದಿಲ್ಲ ಎಂಬುದು ತೀರ್ಪಿನ ಒಂದು ಭಾಗ. ಇನ್ನೊಂದು ಮಾತು ಇತಿಹಾಸದ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು. ತನ್ನ ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಹಾಡನ್ನು ತನ್ನದೇ ಜೇಬಿನ ಪೆಟ್ಟಿಗೆಗೆ ಸಾಗಿಸುವುದು ಹಾಡಿನ ಸ್ಥಳ ಬದಲಾವಣೆಯಷ್ಟೇ. ಟಿ.ವಿ. ಕಾರ್ಯಕ್ರಮವನ್ನು ವಿ.ಸಿ.ಆರ್.ನಲ್ಲಿ ಹಿಡಿದಿಟ್ಟು ಬಿಡುವಾದಾಗ ನೋಡುವುದು ಕಾಲದ ಬದಲಾವಣೆಯಾದಂತೆ ಇದೂ ಕೂಡ. ಮೇಜಿನಿಂದ ಜೇಬಿಗೆ ಹಾಡು ಇಳಿಸುವ ಇಡೀ ಉದ್ದಿಮೆಗೆ ದಾರಿ ಮಾಡಿಕೊಟ್ಟ ಮಾತು ಅದು.

ಚೀಟಿಯೊಳಗಿನ ವಿಳಾಸ

ಹಾಡು ಸಾಗಿತು, ಸರಿ. ಚೀಟಿಯ ಗತಿ ಏನು? ಇಲ್ಲಿ ಪ್ಲೇಲಿಸ್ಟಿನ ಒಳಗೆ ಏನಿರುತ್ತದೆ ಎಂದು ತಿಳಿಯುವುದು ಅಗತ್ಯ.

ವಿನ್‌ಆ್ಯಂಪ್‌ನಿಂದ ಜನಪ್ರಿಯವಾದ ಪಟ್ಟಿಯ ಫೈಲಿಗೆ 'ಎಂ3ಯು' ಎಂದು ಹೆಸರು. ಅದರಲ್ಲಿ ಹಾಡು ಇರುವುದಿಲ್ಲ. ಇರುವುದು ಬರೀ ಅಕ್ಷರ, ಸಾಲಿಗೊಂದು ವಿಳಾಸ. ಇಂಥ ಡ್ರೈವ್, ಅದರೊಳಗೆ ಇಂಥ ಫೋಲ್ಡರ್, ಅದರೊಳಗೆ ಇಂಥ ಹೆಸರಿನ ಹಾಡು ಎಂದು ಬರೆದಿರುತ್ತದೆ. ನುಡಿಸುವ ತಂತ್ರಾಂಶ ಸಾಲಿನಿಂದ ಸಾಲಿಗೆ ಹೋಗಿ, ವಿಳಾಸ ಹುಡುಕಿ, ಅಲ್ಲಿರುವ ಹಾಡನ್ನು ನುಡಿಸುತ್ತದೆ. ಹಾಡನ್ನು ಬೇರೆ ಫೋಲ್ಡರಿಗೆ ಸರಿಸಿದರೆ, ಹೆಸರಿನ ಒಂದಕ್ಷರ ತಿದ್ದಿದರೆ ಕೆಲಸ ಕೆಟ್ಟಿತು. ಮನೆ ಬದಲಿಸಿದವರಿಗೆ ಹಳೆಯ ವಿಳಾಸಕ್ಕೆ ಬರೆದ ಪತ್ರದ ಸ್ಥಿತಿ ಅದು. ಕಂಪ್ಯೂಟರಿನ ವಿಳಾಸಗಳಿಗೆ ಫೋನಿನಲ್ಲಂತೂ ಅರ್ಥವೇ ಇಲ್ಲ, ಏಕೆಂದರೆ ಅಲ್ಲಿ 'ಸಿ' ಡ್ರೈವ್ ಎಂಬುದೇ ಇಲ್ಲ. ಪಟ್ಟಿಯನ್ನು ಹಾಗೆಯೇ ನಕಲು ಮಾಡಿದಾಗ ಅದು ಖಾಲಿಯಾಗಿ ಕಾಣುವ ಗುಟ್ಟು ಇದೇ.

ಹಾಡಿನ ಹೆಸರಿನ ಕಥೆಯೂ ಇಷ್ಟೇ ಸ್ವಾರಸ್ಯದ್ದು. ಎಂಪಿ3 ಫೈಲಿನಲ್ಲಿ ಹಾಡಿದವರು ಯಾರು ಎಂದು ಬರೆಯುವ ಜಾಗ ಮೊದಲಿಗೆ ಇರಲೇ ಇಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬವರು ಫೈಲಿನ ಬಾಲಕ್ಕೆ 128 ಬೈಟ್‌ಗಳ ಒಂದು ಚೀಟಿ ಅಂಟಿಸುವ ಉಪಾಯ ಕಂಡುಹಿಡಿದರು. ಅದೇ 'ಐಡಿ3' ಟ್ಯಾಗ್. ಹಾಡಿನ ಹೆಸರಿಗೆ 30 ಬೈಟ್, ಗಾಯಕರ ಹೆಸರಿಗೆ 30, ಆಲ್ಬಂ ಹೆಸರಿಗೆ 30. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ಇಂದು ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು, ಕಾಗುಣಿತದ ಗುರುತಿಗೂ ಪ್ರತ್ಯೇಕವಾಗಿ ಮೂರು. 'ಮೈಸೂರು ಅನಂತಸ್ವಾಮಿ' ಎಂದು ಬರೆಯಲು 49 ಬೈಟ್ ಆಗುತ್ತದೆ. ಆ 30ರ ಮಿತಿಯಲ್ಲಿ ಅವರ ಹೆಸರು ಅರ್ಧಕ್ಕೇ ನಿಲ್ಲುತ್ತಿತ್ತು. ಸಂಗೀತದ ಪ್ರಕಾರ ಸೂಚಿಸಲು ಒಂದೇ ಬೈಟ್ ಇತ್ತು. ಮೂಲ ಪಟ್ಟಿಯ ಎಂಬತ್ತು ಪ್ರಕಾರಗಳಲ್ಲಿ ಡಿಸ್ಕೊ ಇತ್ತು, ಡೆತ್ ಮೆಟಲ್ ಇತ್ತು, ಕುಚೇಷ್ಟೆಯ ಧ್ವನಿಮುದ್ರಣಗಳಿಗೂ ಒಂದು ಸಂಖ್ಯೆ ಇತ್ತು. ಭಾವಗೀತೆಗಾಗಲಿ, ದೇವರನಾಮಕ್ಕಾಗಲಿ ಇರಲಿಲ್ಲ.

1998ರಲ್ಲಿ ಬಂದ ಟ್ಯಾಗಿನ ಎರಡನೆಯ ಆವೃತ್ತಿ ಈ ಮಿತಿಗಳನ್ನು ಬಹುಮಟ್ಟಿಗೆ ಕಳೆಯಿತು. ಯೂನಿಕೋಡ್ ಲಿಪಿಗೂ ಅವಕಾಶವಾಯಿತು. ಆದರೆ ಅಷ್ಟರಲ್ಲಿ ಕನ್ನಡ ಹಾಡುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ತೋಚಿದ ಹಾಗೆ ಬರೆದುಕೊಳ್ಳುವುದು ರೂಢಿಯಾಗಿಬಿಟ್ಟಿತ್ತು. ಒಬ್ಬರು 'ಎಸ್.ಪಿ.ಬಿ.' ಎಂದು ಬರೆದರೆ ಇನ್ನೊಬ್ಬರು ಪೂರ್ತಿ ಹೆಸರು ಬರೆದರು. ರಾಜ್‌ಕುಮಾರ್ ಹೆಸರಿನ ಹಿಂದೆ ಕೆಲವರು 'ಡಾ.' ಸೇರಿಸಿದರು, ಕೆಲವರು ಬಿಟ್ಟರು, ಕೆಲವರು ಹೆಸರನ್ನೇ ಎರಡು ತುಂಡು ಮಾಡಿದರು. ಯಂತ್ರಕ್ಕೆ ಅಕ್ಷರ ಬೇರೆಯಾದರೆ ವ್ಯಕ್ತಿಯೂ ಬೇರೆ. ಹೀಗಾಗಿ ಒಬ್ಬ ಗಾಯಕ ನಮ್ಮ ಹಾಡಿನ ಭಂಡಾರದಲ್ಲಿ ನಾಲ್ಕು ಜನವಾದ. ಹಾಡಿಗೆ ಕನ್ನಡ ಲಿಪಿಯಲ್ಲೇ ಹೆಸರಿಟ್ಟವರಿಗೆ ಬೇರೆ ತೊಡಕು. ಹಳೆಯ ಎಂ3ಯು ಪಟ್ಟಿ ಯೂನಿಕೋಡ್ ಅರಿಯದು. ಅದರಲ್ಲಿ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತಿದ್ದವು. ಇದಕ್ಕಾಗಿಯೇ ಮುಂದೆ 'ಎಂ3ಯು8' ಎಂಬ ರೂಪ ಬಂತು. ಕೊನೆಯ ಎಂಟು ಯುಟಿಎಫ್-8ರ ಎಂಟು.

ಎರಡು ಪುಸ್ತಕ, ಒಂದು ಲೆಕ್ಕ

'ಸಿಂಕ್' ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಕನ್ನಡದಲ್ಲಿ ಅದಕ್ಕೆ ಒಪ್ಪುವ ಹಳೆಯ ಮಾತು 'ತಾಳೆ ನೋಡುವುದು'. ಕಿರಾಣಿ ಅಂಗಡಿಯ ಉದ್ರಿ ಲೆಕ್ಕವನ್ನು ನೆನಪಿಸಿಕೊಳ್ಳಿ. ಅಂಗಡಿಯಲ್ಲಿ ಒಂದು ಪುಸ್ತಕ, ಗಿರಾಕಿಯ ಮನೆಯಲ್ಲಿ ಒಂದು ಪುಸ್ತಕ. ತಿಂಗಳ ಕೊನೆಗೆ ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡುತ್ತಾರೆ. ಅಂಗಡಿಯ ಪುಸ್ತಕದಲ್ಲಿ ಎರಡು ಸೇರು ಅಕ್ಕಿ ಇದೆ, ಮನೆಯ ಪುಸ್ತಕದಲ್ಲಿ ಇಲ್ಲ ಎನ್ನಿ. ಅಂಗಡಿಯವರು ಹೆಚ್ಚಿಗೆ ಬರೆದರೋ, ಮನೆಯವರು ಬರೆಯಲು ಮರೆತರೋ? ಎರಡು ಪುಸ್ತಕಗಳನ್ನಷ್ಟೇ ನೋಡಿ ಹೇಳಲು ಬರುವುದಿಲ್ಲ. ಕಳೆದ ಸಲ ತಾಳೆ ನೋಡಿದಾಗ ಲೆಕ್ಕ ಎಲ್ಲಿಗೆ ನಿಂತಿತ್ತು ಎಂಬ ಮೂರನೆಯ ದಾಖಲೆ ಬೇಕು.

ಹಾಡಿನ ವಿಷಯವೂ ಹೀಗೆಯೇ. ಕಂಪ್ಯೂಟರಿನಲ್ಲಿ ಇರುವ ಹಾಡು ಫೋನಿನಲ್ಲಿ ಇಲ್ಲ ಎಂದರೆ ಅದನ್ನು ಕಂಪ್ಯೂಟರಿಗೆ ಹೊಸದಾಗಿ ಸೇರಿಸಿದ್ದೋ, ಫೋನಿನಿಂದ ಬೇಕೆಂದೇ ಅಳಿಸಿದ್ದೋ ಎಂದು ಯಂತ್ರಕ್ಕೆ ಗೊತ್ತಾಗಬೇಕು. 1996ರಲ್ಲಿ ಬಂದ ಪೈಲಟ್ ಎಂಬ ಕೈಗಣಕ ಈ ಸಮಸ್ಯೆಯನ್ನು ವಿಳಾಸ, ದಿನಚರಿಗಳ ಮಟ್ಟಿಗೆ ಚೆನ್ನಾಗಿ ಬಿಡಿಸಿತ್ತು. ಮುಂದೆ ಪಾಮ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಕಂಪನಿಯ ಯಂತ್ರ ಅದು. ಬದಲಾದ ಪ್ರತಿ ದಾಖಲೆಗೂ ಅದು ಒಂದು ಗುರುತು ಹಾಕಿಕೊಳ್ಳುತ್ತಿತ್ತು. ಪೀಠದ ಮೇಲಿಟ್ಟು ಗುಂಡಿ ಒತ್ತಿದರೆ ಗುರುತು ಇದ್ದವು ಮಾತ್ರ ಅತ್ತಿತ್ತ ಸಾಗುತ್ತಿದ್ದವು.

ಹಾಡಿಗೆ ಈ ಉಪಾಯವನ್ನು ದೊಡ್ಡ ಪ್ರಮಾಣದಲ್ಲಿ ತಂದದ್ದು ಆ್ಯಪಲ್ ಕಂಪನಿ. 2001ರ ಜನವರಿ 9ರಂದು ಅದು ಐಟ್ಯೂನ್ಸ್ ತಂತ್ರಾಂಶವನ್ನು ಹೊರತಂದಿತು. ಸೌಂಡ್‌ಜಾಮ್ ಎಂಬ ಇನ್ನೊಂದು ತಂತ್ರಾಂಶವನ್ನು ಕೊಂಡು, ಅದನ್ನು ಬರೆದವರನ್ನೂ ಸೇರಿಸಿಕೊಂಡು ಮಾಡಿದ ಕೆಲಸ ಅದು. ಮೇಜಿನ ಕಂಪ್ಯೂಟರೇ ಚಕ್ರದ ಗುಂಬ, ಕ್ಯಾಮೆರಾ, ಹಾಡಿನ ಪೆಟ್ಟಿಗೆ ಮುಂತಾದವು ಅರೆಕಾಲುಗಳು ಎಂಬುದು ಅಂದು ಸ್ಟೀವ್ ಜಾಬ್ಸ್ ಮಂಡಿಸಿದ ವಿಚಾರ. ಅದೇ ವರ್ಷ ಅಕ್ಟೋಬರ್ 23ರಂದು ಐಪಾಡ್ ಬಂತು. 5 ಗಿಗಾಬೈಟ್ ಜಾಗ, ಸಾವಿರ ಹಾಡು, ಬೆಲೆ 399 ಡಾಲರ್.

ಐಪಾಡ್‌ನ ಹೆಗ್ಗಳಿಕೆ ಬರೀ ಜಾಗದ್ದಲ್ಲ, ತಾಳೆಯ ವೇಗದ್ದು. ಆಗಿನ ಯು.ಎಸ್.ಬಿ. ತಂತಿಯ ಗರಿಷ್ಠ ವೇಗ ಸೆಕೆಂಡಿಗೆ 1.2 ಕೋಟಿ ಬಿಟ್. ಆ ದಾರಿಯಲ್ಲಿ 5 ಗಿಗಾಬೈಟ್ ತುಂಬಲು ಲೆಕ್ಕದ ಪ್ರಕಾರವೇ ಸುಮಾರು ಒಂದು ಗಂಟೆ ಬೇಕು, ಬಳಕೆಯಲ್ಲಿ ಇನ್ನೂ ಹೆಚ್ಚು. ಐಪಾಡ್ ಬಳಸಿದ ಫೈರ್‌ವೈರ್ ತಂತಿಯ ವೇಗ 40 ಕೋಟಿ ಬಿಟ್. ಸಾವಿರ ಹಾಡು ಹತ್ತು ನಿಮಿಷದೊಳಗೆ ಇಳಿಯುತ್ತವೆ ಎಂದು ಕಂಪನಿ ಹೇಳಿಕೊಂಡಿತು. ತಂತಿ ಸಿಕ್ಕಿಸಿದರೆ ಸಾಕು, ಹೊಸ ಹಾಡುಗಳೂ ಬದಲಾದ ಪಟ್ಟಿಗಳೂ ತಾವಾಗಿ ಜೇಬಿಗೆ ಇಳಿಯುತ್ತಿದ್ದವು. ಚೀಟಿ ಮೊದಲ ಬಾರಿಗೆ ಹಾಡಿನ ಜೊತೆಗೇ ಪ್ರಯಾಣ ಮಾಡಿತು.

ಆದರೆ ಒಂದು ಷರತ್ತಿತ್ತು. ತಾಳೆಯ ತೊಡಕನ್ನು ಆ್ಯಪಲ್ ಬಿಡಿಸಿದ್ದು ಒಂದು ಪುಸ್ತಕವನ್ನು ಯಜಮಾನ ಮಾಡುವ ಮೂಲಕ. ಕಂಪ್ಯೂಟರ್ ಹೇಳಿದ್ದೇ ಸರಿ, ಐಪಾಡ್ ಅದನ್ನು ಪಾಲಿಸಬೇಕು. ಐಪಾಡ್‌ನೊಳಗೆ ಹಾಡುಗಳನ್ನು ಅರ್ಥವಾಗದ ಹೆಸರಿನ ಫೋಲ್ಡರುಗಳಲ್ಲಿ ಹಂಚಿಟ್ಟು, ಯಾವುದು ಎಲ್ಲಿದೆ ಎಂಬುದನ್ನು ಪ್ರತ್ಯೇಕ ದಾಖಲೆಯಲ್ಲಿ ಬರೆಯಲಾಗುತ್ತಿತ್ತು. ಅದನ್ನು ಗೆಳೆಯರ ಕಂಪ್ಯೂಟರಿಗೆ ಸಿಕ್ಕಿಸಿದರೆ, ಈಗಿರುವುದನ್ನೆಲ್ಲ ಅಳಿಸಿ ಇಲ್ಲಿಯ ಹಾಡು ತುಂಬಲೇ ಎಂದು ಐಟ್ಯೂನ್ಸ್ ಕೇಳುತ್ತಿತ್ತು. ಗಡಿಬಿಡಿಯಲ್ಲಿ ಹೂಂ ಎಂದವರ ಹಾಡುಗಳೆಲ್ಲ ಹೋದವು. ಮನೆಯ ಕಂಪ್ಯೂಟರ್ ಕೆಟ್ಟವರಿಗಂತೂ ಜೇಬಿನಲ್ಲಿ ಹಾಡಿದ್ದರೂ ಅದನ್ನು ಹೊರಗೆ ತೆಗೆಯುವ ನೇರ ದಾರಿ ಇರಲಿಲ್ಲ.

ಗುರುತಿನ ಚೀಟಿಯ ಜಗಳ

ಜೇಬಿನಲ್ಲಿ ಫೋನೂ ಇದ್ದು ಹಾಡಿನ ಪೆಟ್ಟಿಗೆಯೂ ಇರುವುದು ಬಹಳ ಕಾಲ ನಡೆಯುವಂತಿರಲಿಲ್ಲ. 2005ರ ಸೆಪ್ಟೆಂಬರ್ 7ರಂದು ಮೊಟೊರೋಲಾ ಕಂಪನಿ ಐಟ್ಯೂನ್ಸ್ ಜೊತೆ ತಾಳೆಯಾಗುವ ರಾಕರ್ ಎಂಬ ಫೋನನ್ನು ತಂದಿತು. ಕಾರ್ಡಿನಲ್ಲಿ ಎಷ್ಟೇ ಜಾಗವಿದ್ದರೂ ಅದಕ್ಕೆ ನೂರಕ್ಕಿಂತ ಹೆಚ್ಚು ಹಾಡು ಹಾಕುವಂತಿಲ್ಲ ಎಂಬ ಕಟ್ಟಳೆ ಇತ್ತು. ಅದೇ ದಿನ ಅದೇ ವೇದಿಕೆಯಲ್ಲಿ ಆ್ಯಪಲ್ ತನ್ನ ಐಪಾಡ್ ನ್ಯಾನೋವನ್ನೂ ತೋರಿಸಿತು. ಫೋನಿನತ್ತ ಯಾರ ಗಮನವೂ ನಿಲ್ಲಲಿಲ್ಲ. 2007ರ ಜೂನ್‌ನಲ್ಲಿ ಮಾರಾಟಕ್ಕೆ ಬಂದ ಐಫೋನ್ ಎರಡೂ ಪೆಟ್ಟಿಗೆಗಳನ್ನು ಒಂದು ಮಾಡಿತು. ಅದನ್ನು ಕೊಂಡವರು ಮೊದಲು ಕಂಪ್ಯೂಟರಿನ ಐಟ್ಯೂನ್ಸ್‌ಗೆ ಜೋಡಿಸಿದರೇನೇ ಫೋನು ಕೆಲಸ ಶುರುಮಾಡುತ್ತಿತ್ತು. ಯಜಮಾನ ಮೇಜಿನ ಮೇಲೆಯೇ ಇದ್ದ.

ಬೇರೆ ಕಂಪನಿಯ ಫೋನು ಇರುವವರು ಏನು ಮಾಡಬೇಕು? ಅವರ ಹಾಡುಗಳೂ ಪಟ್ಟಿಗಳೂ ಐಟ್ಯೂನ್ಸ್‌ನಲ್ಲೇ ಇದ್ದವು. ಐಟ್ಯೂನ್ಸ್ ಅಂಗಡಿಯಲ್ಲಿ ಕೊಂಡ ಹಾಡುಗಳಿಗೆ 2009ರವರೆಗೂ ಬೀಗ ಇತ್ತು, ಅವು ಬೇರೆ ಫೋನುಗಳಲ್ಲಿ ನುಡಿಯುತ್ತಿರಲಿಲ್ಲ. ಸ್ವಂತ ಸಿ.ಡಿ.ಗಳಿಂದ ಇಳಿಸಿಕೊಂಡ ಹಾಡಿಗೆ ಆ ತೊಂದರೆ ಇಲ್ಲದಿದ್ದರೂ ಪಟ್ಟಿಯ ಸಮಸ್ಯೆ ಉಳಿದೇ ಇತ್ತು. ಇದರ ಸುತ್ತ 2009ರಲ್ಲಿ ನಡೆದ ಪ್ರಸಂಗ ನೆನಪಿಡುವಂಥದು.

ಆ ವರ್ಷ ಜೂನ್‌ನಲ್ಲಿ ಪಾಮ್ ಕಂಪನಿ 'ಪ್ರೀ' ಎಂಬ ಫೋನನ್ನು ತಂದಿತು. ಐಪಾಡ್ ತಯಾರಿಕೆಯ ಮುಂದಾಳಾಗಿದ್ದ ಜಾನ್ ರೂಬಿನ್‌ಸ್ಟೈನ್ ಆಗ ಪಾಮ್ ಸೇರಿದ್ದರು. ಪ್ರೀಯನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಅದು ತಾನು ಐಪಾಡ್ ಎಂದು ಹೇಳಿಕೊಳ್ಳುತ್ತಿತ್ತು. ಐಟ್ಯೂನ್ಸ್ ನಂಬಿ ಹಾಡು, ಪಟ್ಟಿ ಎಲ್ಲವನ್ನೂ ಇಳಿಸುತ್ತಿತ್ತು. ಜುಲೈನಲ್ಲಿ ಆ್ಯಪಲ್ ಐಟ್ಯೂನ್ಸ್ ತಿದ್ದಿ ಪ್ರೀಯನ್ನು ಹೊರಗಿಟ್ಟಿತು. ಒಂದೆರಡು ವಾರದಲ್ಲೇ ಪಾಮ್ ತನ್ನ ತಂತ್ರಾಂಶ ತಿದ್ದಿ ಮತ್ತೆ ಒಳಹೊಕ್ಕಿತು. ಯು.ಎಸ್.ಬಿ. ಸಲಕರಣೆ ಮಾಡುವ ಪ್ರತಿ ಕಂಪನಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಈ ಸಲ ಪಾಮ್ ಆ್ಯಪಲ್‌ನ ಸಂಖ್ಯೆಯನ್ನೇ ತೋರಿಸಿತು. ಬೇರೆಯವರ ಪಾಸು ತೋರಿಸಿ ಬಸ್ ಹತ್ತಿದ ಹಾಗೆ. ಮೇಲಾಗಿ, ಆ್ಯಪಲ್ ಯು.ಎಸ್.ಬಿ. ಸಂಖ್ಯೆಯನ್ನು ಸ್ಪರ್ಧೆ ತಡೆಯಲು ದುರ್ಬಳಕೆ ಮಾಡುತ್ತಿದೆ ಎಂದು ಆ ಸಂಖ್ಯೆಗಳನ್ನು ಹಂಚುವ ಸಂಸ್ಥೆಗೆ ದೂರನ್ನೂ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಬಂದ ಉತ್ತರ ಪಾಮ್‌ಗೆ ವಿರುದ್ಧವಾಗಿತ್ತು. ಇನ್ನೊಂದು ಸುತ್ತು ಹೊಗಿಸುವ, ಹೊರದಬ್ಬುವ ಆಟ ನಡೆದು ಕೊನೆಗೆ ಪಾಮ್ ಕೈಬಿಟ್ಟಿತು.

ಈ ಜಗಳದಲ್ಲಿ ಎರಡೂ ಕಡೆ ನ್ಯಾಯವಿತ್ತು, ಎರಡೂ ಕಡೆ ತಪ್ಪಿತ್ತು. ಸುಳ್ಳು ಗುರುತು ತೋರಿಸುವುದು ಸರಿಯಲ್ಲ. ಐಟ್ಯೂನ್ಸ್ ತನ್ನ ಪಟ್ಟಿಗಳ ಒಂದು ಪ್ರತಿಯನ್ನು ಬೇರೆ ತಂತ್ರಾಂಶಗಳು ಓದಬಲ್ಲ ಫೈಲಿನಲ್ಲಿ ಬರೆದಿಡುತ್ತಿತ್ತು. ಬ್ಲ್ಯಾಕ್‌ಬೆರಿಯವರು ಅದನ್ನೇ ಓದಿಕೊಂಡು ತಮ್ಮ ಫೋನಿಗೆ ಹಾಡು ಇಳಿಸುತ್ತಿದ್ದರು. ಪಾಮ್ ಆ ನೇರ ದಾರಿ ಹಿಡಿಯಬಹುದಿತ್ತು. ಇತ್ತ, ಪಟ್ಟಿ ಕಟ್ಟಿದವನ ಒಪ್ಪಿಗೆಯಿಂದಲೇ ಅವನ ಪಟ್ಟಿ ಅವನ ಫೋನಿಗೆ ಹೋಗುವುದನ್ನು ತಡೆದದ್ದನ್ನು ಒಪ್ಪುವುದೂ ಕಷ್ಟ. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಚೀಟಿ ಯಾರದು ಎಂಬುದು.

ಗೋದಾಮಿನ ಬೀಗದ ಕೈ

2008ರ ಅಕ್ಟೋಬರಿನಲ್ಲಿ ಮೊದಲ ಆಂಡ್ರಾಯ್ಡ್ ಫೋನು ಬಂದಾಗ ಇನ್ನೊಂದು ದಾರಿ ತೆರೆಯಿತು. ಐಟ್ಯೂನ್ಸ್‌ನಂಥ ಕಡ್ಡಾಯದ ತಂತ್ರಾಂಶ ಅದಕ್ಕೆ ಇರಲಿಲ್ಲ. ಕಂಪ್ಯೂಟರಿಗೆ ಸಿಕ್ಕಿಸಿದರೆ ಅದರ ಕಾರ್ಡು ಪೆನ್ ಡ್ರೈವಿನಂತೆ ಕಾಣುತ್ತಿತ್ತು. ಹಾಡು ಎಳೆದು ಹಾಕಿದರಾಯಿತು. ಇದರಲ್ಲೂ ಒಂದು ಕೊರತೆ ಇತ್ತು. ಪೆನ್ ಡ್ರೈವಿನ ಕ್ರಮದಲ್ಲಿ ಫೋನು ತನ್ನ ಗೋದಾಮಿನ ಬೀಗದ ಕೈಯನ್ನೇ ಕಂಪ್ಯೂಟರಿಗೆ ಕೊಟ್ಟುಬಿಡುತ್ತದೆ. ಅಷ್ಟು ಹೊತ್ತು ಫೋನೇ ಒಳಗೆ ಹೋಗುವಂತಿಲ್ಲ. ಇಬ್ಬರೂ ಒಟ್ಟಿಗೆ ಒಳಗಿದ್ದು ಸಾಮಾನು ಜರುಗಿಸಿದರೆ ದಾಸ್ತಾನಿನ ಲೆಕ್ಕ ಕೆಡುತ್ತದೆ.

2011ರಲ್ಲಿ ಬಂದ ಆಂಡ್ರಾಯ್ಡ್‌ನ ಮೂರನೆಯ ಆವೃತ್ತಿಯಿಂದ ಎಂ.ಟಿ.ಪಿ. ಎಂಬ ಕ್ರಮ ಜಾರಿಗೆ ಬಂತು. ಮೈಕ್ರೊಸಾಫ್ಟ್ ಹಾಡಿನ ಪೆಟ್ಟಿಗೆಗಳಿಗಾಗಿ ರೂಪಿಸಿದ್ದ ಈ ಕ್ರಮವನ್ನು 2008ರಲ್ಲಿ ಯು.ಎಸ್.ಬಿ. ಸಂಸ್ಥೆ ಮಾನಕವಾಗಿ ಒಪ್ಪಿಕೊಂಡಿತ್ತು. ಇದರಲ್ಲಿ ಬೀಗದ ಕೈ ಫೋನಿನ ಬಳಿಯೇ ಇರುತ್ತದೆ. ಕಂಪ್ಯೂಟರ್ ಹೊರಗೆ ನಿಂತ ಗಿರಾಕಿ. ಬೇಕಾದ್ದನ್ನು ಕೇಳಬೇಕು, ಫೋನು ಒಳಗೆ ಹೋಗಿ ತಂದುಕೊಡುತ್ತದೆ. ಕೊಟ್ಟದ್ದನ್ನು ತಾನೇ ಒಳಗಿಡುತ್ತದೆ. ಕಂಪ್ಯೂಟರಿಗೆ ಜೋಡಿಸಿದ ಫೋನಿನಲ್ಲಿ ಏಕಕಾಲಕ್ಕೆ ಹಾಡನ್ನೂ ಕೇಳಬಹುದಾದದ್ದು ಹೀಗೆ. ಇಂದಿಗೂ ಆಂಡ್ರಾಯ್ಡ್ ಫೋನನ್ನು ತಂತಿಯಿಂದ ಜೋಡಿಸಿದಾಗ ನಡೆಯುವುದು ಇದೇ. ಹಾಡು ಸಾಗಿಸುವಾಗ ಪಟ್ಟಿಯ ವಿಳಾಸಗಳನ್ನೂ ಫೋನಿಗೆ ಒಪ್ಪುವಂತೆ ತಿದ್ದುವ ಕೆಲಸವನ್ನು ಮೀಡಿಯಾಮಂಕಿ, ಮ್ಯೂಸಿಕ್‌ಬೀಯಂಥ ತಂತ್ರಾಂಶಗಳು ಮಾಡುತ್ತ ಬಂದಿವೆ.

ನಮ್ಮೂರಿನ ಮೆಮೊರಿ ಕಾರ್ಡು

ಆ ವರ್ಷಗಳಲ್ಲಿ ನಮ್ಮ ತಾಲ್ಲೂಕು ಪೇಟೆಗಳಲ್ಲಿ ಇವೆಲ್ಲದರ ಗೊಡವೆ ಇಲ್ಲದೆ ಬೇರೆಯೇ ಒಂದು ವ್ಯವಸ್ಥೆ ನಡೆದಿತ್ತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರ ಫೋನಿನಲ್ಲೂ ಬೆರಳಿನ ಉಗುರಿನಷ್ಟು ಮೆಮೊರಿ ಕಾರ್ಡ್ ಇತ್ತು. ಅವರ ಪಾಲಿನ ಕಂಪ್ಯೂಟರ್ ಇದ್ದದ್ದು ಬಸ್ ನಿಲ್ದಾಣದ ಪಕ್ಕದ ಮೊಬೈಲ್ ರೀಚಾರ್ಜ್ ಅಂಗಡಿಯಲ್ಲಿ. ಕಾರ್ಡು ಕೊಟ್ಟು ಒಂದಿಷ್ಟು ರೂಪಾಯಿ ಕೊಟ್ಟರೆ ಅಂಗಡಿಯ ಹುಡುಗ ಸಿನಿಮಾ ಹಾಡು, ಜನಪದ, ಭಕ್ತಿಗೀತೆ ಎಂದು ಫೋಲ್ಡರ್‌ಗಟ್ಟಲೆ ತುಂಬಿಸಿಕೊಡುತ್ತಿದ್ದ. 2 ಗಿಗಾಬೈಟ್ ಕಾರ್ಡಿಗೆ ಹಾಡೊಂದಕ್ಕೆ 5 ಮೆಗಾಬೈಟ್‌ನಂತೆ ಸುಮಾರು ನಾನೂರು ಹಾಡು.

ಕ್ಯಾಸೆಟ್ ಅಂಗಡಿಯ ಚೀಟಿಗೂ ಇದಕ್ಕೂ ಹೋಲಿಕೆ ಇದೆ, ವ್ಯತ್ಯಾಸವೂ ಇದೆ. ಚೀಟಿ ಬರೆದು ತರುವವರು ಕಡಿಮೆಯಾದರು. ಹನ್ನೆರಡೇ ಹಾಡಿಗೆ ಜಾಗವಿದ್ದಾಗ ಆರಿಸಬೇಕಿತ್ತು. ನಾನೂರಕ್ಕೆ ಜಾಗವಿದ್ದಾಗ ಎಲ್ಲ ಹಾಕಿಬಿಡಿ ಎನ್ನುವುದೇ ಸುಲಭವಾಯಿತು. ಆರಿಸುವ ಕೆಲಸ ಅಂಗಡಿಯವನ ಪಾಲಾಯಿತು. ಇದರಲ್ಲಿ ಹಾಡಿದವರಿಗೂ ಬರೆದವರಿಗೂ ಬಿಡಿಗಾಸು ಸಲ್ಲುತ್ತಿರಲಿಲ್ಲ ಎಂಬುದನ್ನೂ ಹೇಳದೆ ಇರುವಂತಿಲ್ಲ. 2016ರ ನಂತರ ಇಂಟರ್‌ನೆಟ್ ಅಗ್ಗವಾದ ಮೇಲೆ ಈ ವ್ಯಾಪಾರ ಇಳಿಮುಖವಾಯಿತು.

ಕೊಂಡು ಕೇಳುವ ಪ್ರಯತ್ನವೂ ನಮ್ಮಲ್ಲಿ ನಡೆಯದೆ ಇಲ್ಲ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ಫ್ಲೈಟ್ ಎಂಬ ಹಾಡಿನ ಅಂಗಡಿ ತೆರೆಯಿತು. ಅಲ್ಲಿ ಬೀಗವಿಲ್ಲದ ಎಂಪಿ3 ಹಾಡುಗಳು ಸಿಗುತ್ತಿದ್ದವು. 2013ರ ಜೂನ್‌ನಲ್ಲಿ ಅದು ಮುಚ್ಚಿತು. ಆದರೆ ಅಂಗಡಿ ಮುಚ್ಚಿದ ಮೇಲೂ ಅಷ್ಟರಲ್ಲಿ ಕೊಂಡು ಇಳಿಸಿಕೊಂಡವರ ಹಾಡು ಅವರ ಬಳಿಯೇ ಉಳಿಯಿತು. ಈ ಸಂಗತಿಯ ಬೆಲೆ ಮುಂದಿನ ಬೆಳವಣಿಗೆಯನ್ನು ನೋಡಿದಾಗ ತಿಳಿಯುತ್ತದೆ.

ಯಜಮಾನ ಬದಲಾದ

2011ರ ಜೂನ್ 6ರಂದು ಸ್ಟೀವ್ ಜಾಬ್ಸ್ ಮತ್ತೆ ವೇದಿಕೆಯ ಮೇಲಿದ್ದರು. ಹತ್ತು ವರ್ಷದ ಹಿಂದೆ ಚಕ್ರದ ಗುಂಬ ಎಂದು ತಾವೇ ಕರೆದಿದ್ದ ಕಂಪ್ಯೂಟರನ್ನು ಇನ್ನು ಫೋನಿನ ಸಾಲಿನಲ್ಲೇ ಒಂದು ಸಾಧಾರಣ ಸಲಕರಣೆಯಾಗಿ ಇಳಿಸುವುದಾಗಿ ಹೇಳಿದರು. ಗುಂಬದ ಜಾಗಕ್ಕೆ ಬಂದದ್ದು ಐಕ್ಲೌಡ್, ಅಂದರೆ ಕಂಪನಿಯ ದೂರದ ಕಂಪ್ಯೂಟರುಗಳು. ಅದೇ ಅಕ್ಟೋಬರಿನಿಂದ ಐಫೋನಿಗೆ ತಂತಿಯ ಹಂಗೂ ಬೇಡವಾಯಿತು, ಮೇಜಿನ ಕಂಪ್ಯೂಟರಿನ ಹಂಗೂ ಬೇಡವಾಯಿತು. ಗೂಗಲ್ ಕೂಡ ಅದೇ ವರ್ಷ ಮೇ ತಿಂಗಳಲ್ಲಿ, ನಿಮ್ಮ ಇಪ್ಪತ್ತು ಸಾವಿರ ಹಾಡುಗಳನ್ನು ನಮ್ಮಲ್ಲಿ ಇಡಿ, ಯಾವ ಫೋನಿನಲ್ಲಾದರೂ ಕೇಳಿ ಎಂದು ಕರೆದಿತ್ತು.

ಅನುಕೂಲವೇನೋ ದೊಡ್ಡದು. ತಾಳೆಯ ತಲೆನೋವು ಒಂದೇ ಏಟಿಗೆ ಹೋಯಿತು. ಪುಸ್ತಕ ಎರಡಿದ್ದರೆ ತಾನೆ ತಾಳೆ? ಈಗ ಪುಸ್ತಕ ಒಂದೇ, ಅದು ಅಂಗಡಿಯವರ ಬಳಿ. ಗಿರಾಕಿ ನೋಡಬಹುದು, ಬರೆಸಬಹುದು, ಮನೆಗೆ ಒಯ್ಯುವಂತಿಲ್ಲ. ಬಾಡಿಗೆಗೆ ಹಾಡು ಕೇಳಿಸುವ ಸೇವೆಗಳು ಬಂದ ಮೇಲೆ ಹಾಡೂ ಅವರದೇ ಆಯಿತು. ಒಪ್ಪಂದ ಮುಗಿದ ಹಾಡು ನಮ್ಮ ಪಟ್ಟಿಯಲ್ಲೇ ಬೂದುಬಣ್ಣಕ್ಕೆ ತಿರುಗಿ ಕುಳಿತಿರುತ್ತದೆ, ಒತ್ತಿದರೆ ನುಡಿಯುವುದಿಲ್ಲ.

ಅಂಗಡಿಯೇ ಮುಚ್ಚಿದರೆ? ಗೂಗಲ್ ತನ್ನ ಪ್ಲೇ ಮ್ಯೂಸಿಕ್ ಸೇವೆಯನ್ನು 2020ರ ಕೊನೆಗೆ ನಿಲ್ಲಿಸಿತು. ಹಾಡು, ಪಟ್ಟಿಗಳನ್ನು ಯೂಟ್ಯೂಬ್ ಮ್ಯೂಸಿಕ್‌ಗೆ ಸಾಗಿಸಿಕೊಳ್ಳಲು 2021ರ ಫೆಬ್ರವರಿ 24ರವರೆಗೆ ಗಡುವು ಕೊಟ್ಟಿತು. ಗಡುವಿನ ನಂತರ ಉಳಿದದ್ದೆಲ್ಲ ಅಳಿಯಿತು. ನಮ್ಮಲ್ಲಿ ಏರ್‌ಟೆಲ್‌ನ ವಿಂಕ್ ಸೇವೆಯನ್ನು ಮುಚ್ಚುವ ಸುದ್ದಿ ಬಂದದ್ದು 2024ರಲ್ಲಿ. ಯಜಮಾನಿಕೆಯ ಹಳೆಯ ಗುರುತುಗಳೂ ಒಂದೊಂದಾಗಿ ಮರೆಯಾದವು. 2019ರಲ್ಲಿ ಮ್ಯಾಕ್ ಕಂಪ್ಯೂಟರುಗಳಿಂದ ಐಟ್ಯೂನ್ಸ್ ಹೋಯಿತು, 2022ರ ಮೇ ತಿಂಗಳಲ್ಲಿ ಐಪಾಡ್ ತಯಾರಿಕೆ ನಿಂತಿತು. ತಂತಿ ಸಿಕ್ಕಿಸಿ ಹಾಡು ಇಳಿಸುವ ಸೌಲಭ್ಯ ಮಾತ್ರ ಐಫೋನಿನಲ್ಲೂ ಆಂಡ್ರಾಯ್ಡ್‌ನಲ್ಲೂ ಇನ್ನೂ ಇದೆ. ಬಳಸುವವರು ಕಡಿಮೆ, ಅಷ್ಟೆ.

ಉಳಿದ ಚೀಟಿ

ನಮ್ಮ ಮನೆಯಲ್ಲಿ ಅಪ್ಪ 2004ರಲ್ಲಿ ಕಂಪ್ಯೂಟರಿನಲ್ಲಿ ಕಟ್ಟಿದ್ದ ಪಟ್ಟಿಯೊಂದಿತ್ತು. ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟು ಹಾಡುಗಳೆಲ್ಲ ಎಂದೋ ಹೋದವು. ಹೇಗೋ ಒಂದು ಪೆನ್ ಡ್ರೈವಿನಲ್ಲಿ ಎಂ3ಯು ಫೈಲು ಮಾತ್ರ ಉಳಿದಿತ್ತು. ನೋಟ್‌ಪ್ಯಾಡಿನಲ್ಲಿ ತೆರೆದರೆ ಹತ್ತೊಂಬತ್ತು ಸಾಲು. ವಿಳಾಸಗಳೆಲ್ಲ ಇಲ್ಲದ ಮನೆಯ ವಿಳಾಸಗಳು. ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ, ತಪ್ಪು ತಪ್ಪು ಕಾಗುಣಿತದಲ್ಲಿ ಹಾಡಿನ ಹೆಸರುಗಳು ಇದ್ದವು, ಅವುಗಳ ಕ್ರಮವೂ ಇತ್ತು. ಮೊದಲು ದೇವರನಾಮ, ಆಮೇಲೆ ರಾಜ್‌ಕುಮಾರ್ ಹಾಡು, ಕೊನೆಗೆ ಭಾವಗೀತೆ. ಬೆಳಗಿನಿಂದ ರಾತ್ರಿಯವರೆಗಿನ ಒಂದು ಭಾನುವಾರದ ಲೆಕ್ಕ. ಆ ಹಾಡುಗಳನ್ನು ಮತ್ತೆ ಹುಡುಕಿ ಅದೇ ಕ್ರಮದಲ್ಲಿ ಅವರ ಫೋನಿಗೆ ಹಾಕಿಕೊಡಲು ಒಂದು ಸಂಜೆ ಸಾಕಾಯಿತು.

ಹಾಡು ಕಳೆದರೆ ಬೇರೆಲ್ಲಾದರೂ ಸಿಗಬಹುದು. ಅದರ ಪ್ರತಿಗಳು ಲೋಕದಲ್ಲಿ ಬೇಕಾದಷ್ಟಿವೆ. ಚೀಟಿಗೆ ಇರುವುದು ಒಂದೇ ಪ್ರತಿ. ತಂತಿ, ತಂತ್ರಾಂಶ, ಯಜಮಾನರು ಎಷ್ಟು ಸಲ ಬದಲಾದರೂ ಅದು ಇನ್ನೂ ಬರೀ ಅಕ್ಷರಗಳ ಕೆಲವು ಸಾಲು. ನಿಮ್ಮ ಪಟ್ಟಿ ಯಾವ ಕಂಪನಿಯ ಬಳಿ ಇದ್ದರೂ ಅದರ ಒಂದು ಪ್ರತಿ ನಿಮ್ಮಲ್ಲಿರಲಿ. ಫೈಲಿನಲ್ಲಿ ಬರೆದಿಡಲು ಬಾರದಿದ್ದರೆ ಕಾಗದದ ಮೇಲೆ ಬರೆದಿಟ್ಟರೂ ಆದೀತು. ಕ್ಯಾಸೆಟ್ ಅಂಗಡಿಗೆ ಹೋಗುತ್ತಿದ್ದವರು ಮಾಡುತ್ತಿದ್ದದ್ದು ಅದನ್ನೇ ಅಲ್ಲವೆ?